ಅವ್ವನ ಬೀಳ್ಕೊಡುಗೆಗೆ ಕ್ರೋಶಾ ಹೂವಿನ ಬೊಕೆ: ಮಾಡಿದವರು ಹೇಳ್ರಿ

ಧಾರವಾಡದಿಂದ, ಕೇಳಿದವಳು:

ಎಲ್ಲಾರಿಗೂ ನಮಸ್ಕಾರ. ನಮ್ಮವ್ವ ಪ್ರಾಥಮಿಕ ಶಾಲಿ ಶಿಕ್ಷಕಿ, ಬರೋ ತಿಂಗಳ ಕೊನಿಗೆ ರಿಟೈರ್ ಆಗ್ತಾಳ. ಬೀಳ್ಕೊಡುಗೆ ದಿನ ಹಾಕೋ ಹಾರ ಮರುದಿನಾನ ಬಾಡ್ತದ. ಅದಕ್ಕ ಆಕಿ ಕೈಯಾಗ ಕ್ರೋಶಾದ್ಲೆ ಹೆಣೆದ ಹೂವಿನ ಬೊಕೆ ಕೊಡಬೇಕಂತ ಮಾಡೀನಿ. ನಂಗ ಬರೋದು ಚೈನ್ ಮತ್ತ ಕಂಬ ಅನ್ನೋ ಎರಡು ಹೆಣಿಗಿ, ಅಷ್ಟ. ವಿಡಿಯೋ ನೋಡಿ ಮೂರು ಗುಲಾಬಿ ಹಾಕೀನಿ. ಒಂದರ ಎಸಳು ಒಳಗ ಮುದುಡಿ ಗಡ್ಡಿ ಆಗೇದ. ಉಳಿದೆರಡು ನೋಡಲಿಕ್ಕೆ ಚಲೋ ಅವ, ಆದರ ತಂತಿಗೆ ಸಿಗಿಸಿದ ಕೂಡ್ಲೆ ಕುತಗಿ ಬಾಗಸ್ತಾವ. ಯಾವ ನೂಲು, ಯಾವ ತಂತಿ, ಎಷ್ಟು ಹೂ ಬೇಕಾಗ್ತಾವ? ಐದು ವಾರ ಟೈಮ್ ಅದ, ಹಗಲು ಕೆಲಸಕ್ಕ ಹೋಗ್ತೀನಿ. ಮಾಡಿ ನೋಡಿದವರು ದಯವಿಟ್ಟು ತಿಳಸ್ರಿ.

ಹುಬ್ಬಳ್ಳಿಯಿಂದ:

ತಂಗಿ, ಹೂವಿನ ಚಿಂತಿ ಆಮ್ಯಾಲ ಮಾಡು, ಮೊದಲ ದಂಟು ಸರಿ ಮಾಡ್ಕೊ. ನಾ ನಾಲ್ಕು ವರ್ಷದಿಂದ ಮದವಿಗೆ, ಕುಬಸಕ್ಕ (ಸೀಮಂತಕ್ಕ) ಅಂತ ಬೊಕೆ ಮಾಡಿ ಕೊಡಾಕತ್ತೀನಿ. ನನ್ನ ಕೈಯಾಗ ಕೆಟ್ಟ ಬೊಕೆ ಎಲ್ಲಾ ದಂಟಿನಿಂದನ ಕೆಟ್ಟಾವ, ಹೂವಿನಿಂದ ಒಂದೂ ಕೆಟ್ಟಿಲ್ಲ.

ಮೊದಲನೇದು ನಮ್ಮ ನೆಗೆಣ್ಣಿ ಕುಬಸಕ್ಕ ಮಾಡಿದ್ದೆ. ಬಿಳಿ ಹೂ, ಹದಿನೈದು. ಮನಿ ಕಟ್ಟುವಾಗ ಉಳಿದಿದ್ದ ಬೈಂಡಿಂಗ್ ವೈರ್ ಇತ್ತು, ಅದನ್ನ ಕತ್ತರಿಸಿ ದಂಟು ಮಾಡಿದೆ. ಸುತ್ತಿದ ಹಸರು ನೂಲಿನ ಒಳಗ ಅದು ಕಾಣತಿರಲಿಲ್ಲ. ಮಳಿಗಾಲ ಬಂತು, ಒಂದು ತಿಂಗಳದಾಗ ಜಂಗು ಹಿಡೀತು, ಬಿಳಿ ಎಸಳಿನ ಬುಡದಿಂದ ಕಂದು ಬಣ್ಣ ಮ್ಯಾಲ ಏರಿತು. ತೊಳದರೂ ಹೋಗಲಿಲ್ಲ. ನೆಗೆಣ್ಣಿ ಏನೂ ಅನಲಿಲ್ಲ, ಶೋಕೇಸಿನಾಗ ಹಂಗ ಇಟ್ಟಾಳ. ಅವರ ಮನಿಗೆ ಹೋದಾಗೊಮ್ಮೆ ನಂಗ ಅದು ಕಣ್ಣಿಗೆ ಚುಚ್ಚತೈತಿ.

ಅದಕ್ಕ ತಂತಿ ತಗೊಳ್ಳುವಾಗ ಕಾಗದ ಇಲ್ಲಾ ಪ್ಲಾಸ್ಟಿಕ್ ಸುತ್ತಿದ ಹೂವಿನ ತಂತಿನ ತಗೊ. ಗೇಜ್ ನಂಬರ್ ಜಾಸ್ತಿ ಆದಂಗ ತಂತಿ ತೆಳ್ಳಗ ಆಗತೈತಿ, ಇದನ್ನ ತಿರುಗಾ ಮುರುಗಾ ತಿಳ್ಕೊಂಡು ಬಾಳ ಮಂದಿ ಮೋಸ ಹೋಗ್ತಾರ. ಗುಲಾಬಿ, ಸೂರ್ಯಕಾಂತಿಯಂಥ ತೂಕದ ಹೂವಿಗೆ 18 ಗೇಜ್. ಸಣ್ಣ ಹೂವಿಗೆ 22. ಎಲಿ ಅಂಚಿನಾಗ ಹಾಯಿಸಾಕ 26 ಇಲ್ಲಾ 28. 18 ಸಿಗಲಿಲ್ಲಂದ್ರ 22ರದ್ದು ಎರಡು ಕೂಡಿಸಿ ಹುರಿ ಮಾಡು, ನಡೀತೈತಿ.

ಈಗ ನಿನ್ನ ಕುತಗಿ ಬಾಗೋ ವಿಷಯ. ನೀ ಬರೇ ತಂತಿ ಚುಚ್ಚಿರ್ತಿ. ಚುಚ್ಚಿದ ತಂತಿ ಮ್ಯಾಲ ಹೂ ತಿರಗತೈತಿ, ಜಾರತೈತಿ, ಅದಕ್ಕ ಕೆಳಗ ಆಸರನ ಇಲ್ಲ. ಇಕ್ಕಳ ತಗೊಂಡು ತಂತಿ ತುದೀನ ಅಂಗಿ ಗುಂಡಿಯಷ್ಟು ಉಂಗುರ ಮಾಡು, ಆ ಉಂಗುರಾನ ಅಡ್ಡ ಮಲಗಿಸು, ಕೊಡಿ ಹಿಡಿದಂಗ ಕಾಣಬೇಕು. ಗುಲಾಬಿ ಸುತ್ತುವಾಗ ಉಂಗುರಾನ ತಳದಾಗ ಇಟ್ಟು, ಅದ ಬಣ್ಣದ ನೂಲಿನ್ಲೆ ನಾಕ ಕಡೆ ಹೊಲಿ. ಹೂವಿನ ಕೆಳಗ ಹಸರು ಟೊಪ್ಪಿಗಿ ಒಂದು ಬೇಕ ಬೇಕು: ಮ್ಯಾಜಿಕ್ ರಿಂಗಿನಾಗ (ಎಳೆದ್ರ ಬಿಗಿ ಆಗೋ ನೂಲಿನ ಉಂಗುರ) 6 ಸಿಂಗಲ್ ಕ್ರೋಶೆ (ಕಂಬಕ್ಕಿಂತ ಗಿಡ್ಡ ಹೆಣಿಗಿ), ಮುಂದಿನ ಸುತ್ತಿಗೆ 12, ಮತ್ತೊಂದು ಸುತ್ತು ಹಂಗ 12, ಕೊನಿಗೆ ಐದು ಚೂಪು. ಇದನ್ನ ತಂತಿ ಕೆಳಗಿಂದ ಪೋಣಿಸಿ ಮ್ಯಾಲ ತಂದು ಹೂವಿನ ತಳಕ್ಕ ಬಿಗಿ ಹೊಲಿ. ಕುತಗಿ ನಿಲ್ಲೋದು ಈ ಟೊಪ್ಪಿಗಿ ಮ್ಯಾಲ. ವಿಡಿಯೋದಾಗ ಇದನ್ನ ಗಡಿಬಿಡಿಲೆ ತೋರಿಸಿ ಮುಂದ ಹೋಗಿಬಿಡ್ತಾರ.

ದಂಟಿಗೆ ಮೊದಲ ಹಸರು ಫ್ಲೋರಲ್ ಟೇಪ್, ಆಮ್ಯಾಲ ನೂಲು. ಟೇಪ್ ಸುಮ್ಮ ಸುತ್ತಿದ್ರ ಹತ್ತಂಗಿಲ್ಲ. ಅದರಾಗ ಮೇಣ ಇರತೈತಿ, ಎಳೆದು ಎಳೆದು ಸುತ್ತಿದಾಗಷ್ಟ ಅಂಟ ಬರತೈತಿ. ಬರೇ ತಂತಿ ಮ್ಯಾಲ ನೂಲು ಸುತ್ತಿದ್ರ ನಾಕ ದಿನಕ್ಕ ಕೆಳಗ ಸರದು ಮ್ಯಾಲ ತಂತಿ ಕಾಣತೈತಿ, ಟೇಪಿನ ಮ್ಯಾಲ ಹಿಡಕೊಂಡು ಕುಂದರತೈತಿ.

ನೂಲು ಮಿಲ್ಕ್ ಕಾಟನ್ ಅನ್ನೋ ಮೆತ್ತನ್ನದು ತಗೊ. ಉಲನ್ ಸೋವಿ ಆಗತೈತಿ ಖರೆ, ಆದ್ರ ಮೂರು ತಿಂಗಳದಾಗ ಮ್ಯಾಲ ಗುಂಜು ಏಳತಾವ. ಮಿಲ್ಕ್ ಕಾಟನ್ನಿಗೆ 2.5 ಎಂಎಂ ಕ್ರೋಶಾ ಕಡ್ಡಿ ಸಾಕು. ದೊಡ್ಡ ಕಡ್ಡಿ ಹಿಡಿದ್ರ ಕಂಬದ ನಡಕ ಕಿಂಡಿ ಬಿದ್ದು ಒಳಗಿನ ತಂತಿ ಇಣಕತೈತಿ.

ಎಸಳು ಮುದುಡಿದ್ದಕ್ಕ ಎರಡು ಕಾರಣ ಇರಬಹುದು. ಮೊದಲಿನ ಚೈನ್ ಬಾಳ ಬಿಗಿ ಹಾಕಿರ್ತಿ, ಇಲ್ಲಾ ಎಲ್ಲಾ ಎಸಳಿಗೂ ಒಂದ ಲೆಕ್ಕದ ಕಂಬ ಹಾಕಿರ್ತಿ. ನನ್ನ ಲೆಕ್ಕ ಹೇಳ್ತೀನಿ. 47 ಚೈನ್ ಸಡಿಲ ಹಾಕು. ಕಡ್ಡಿಯಿಂದ 5ನೇ ಚೈನಿನಾಗ ಒಂದು ಕಂಬ, ಅಲ್ಲಿಗೆ ಮೊದಲನೇ ‘ವಿ’ ಆತು. ಮುಂದ ಎರಡು ಚೈನ್ ಬಿಟ್ಟು ಮೂರನೇದರಾಗ ಒಂದು ಕಂಬ, ಒಂದು ಚೈನ್, ಮತ್ತೊಂದು ಕಂಬ. ಹಿಂಗ ಕೊನಿತನಕ ಹೋದ್ರ 15 ವಿ ಆಗತಾವ. ತಿರಗಿಸಿ, ಮೊದಲಿನ ಐದು ವಿ ಒಳಗ 5-5 ಕಂಬ, ನಡುವಿನ ಐದರಾಗ 7-7, ಕೊನಿ ಐದರಾಗ 9-9. ಒಂದೊಂದು ಎಸಳಿನ ನಡಕ ಒಂದು ಸಿಂಗಲ್ ಕ್ರೋಶೆ ಹಾಕಿ ಕೆಳಗ ಎಳಿ. ಸಣ್ಣ ಎಸಳಿನ ಕಡೆಯಿಂದ ಸುತ್ತಾಕ ಶುರು ಮಾಡು. ನಡುವಿನ ಮೊಗ್ಗಿ ಬಿಗಿ, ಹೊರಗಿನ ಎಸಳು ಸಡಿಲ. 50 ಗ್ರಾಂ ಉಂಡಿಯೊಳಗ ಇಂಥಾ ಗುಲಾಬಿ ನಂಗ ಹತ್ತರ ಸುತ್ತ ಆಗತಾವ.

ಗದಗ-ಬೆಟಗೇರಿಯಿಂದ:

ಅಕ್ಕಾರ, ನಾನು ಟೇಲರ್. ಕ್ರೋಶಾ ಕಲಿತಿದ್ದು ಮನೆಯವಳನ್ನ ನೋಡಿ. ಹುಬ್ಬಳ್ಳಿ ಅಕ್ಕಾರು ಹೇಳಿದ್ದಕ್ಕೆ ಒಂದು ಮಾತು ಸೇರಿಸ್ತೇನೆ, ಯಾಕಂದರೆ ನಾನು ಇದರಲ್ಲೇ ಎರಡು ವಾರ ಕಳೆದಿದ್ದೆ. ಅಮೆರಿಕದವರು ಡಬಲ್ ಕ್ರೋಶೆ ಅನ್ನೋದನ್ನ ಬ್ರಿಟಿಷರು ಟ್ರೆಬಲ್ ಅಂತಾರೆ. ಅಮೆರಿಕದ ಸಿಂಗಲ್ ಅಂದರೆ ಬ್ರಿಟಿಷರ ಡಬಲ್. ಒಂದೇ ಹೆಸರು, ಎರಡು ಎತ್ತರ. ವಿಡಿಯೋ ಒಂದು ಕಡೆಯದು, ಬರೆದ ಅಳತೆ ಇನ್ನೊಂದು ಕಡೆಯದು ಹಿಡಿದರೆ ಎಸಳು ಅರ್ಧ ಎತ್ತರಕ್ಕೇ ನಿಂತು ಒಳಗೆ ಮುದುಡ್ತದೆ. ನಿಮ್ಮ ಗುಲಾಬಿ ಗಡ್ಡೆ ಆಗಿದ್ದು ಇದರಿಂದಲೂ ಇರಬಹುದು. ಗುರುತು ಹಿಡಿಯೋದು ಸುಲಭ: ‘ಸಿಂಗಲ್ ಕ್ರೋಶೆ’ ಅನ್ನೋ ಮಾತು ಎಲ್ಲಾದರೂ ಬಂದಿದ್ದರೆ ಅದು ಅಮೆರಿಕದ ಲೆಕ್ಕ, ಬ್ರಿಟಿಷರಲ್ಲಿ ಆ ಹೆಸರೇ ಇಲ್ಲ. ಮನೆಯವಳ ತವರು ಬೆಳಗಾವಿ ಕಡೆ, ಅವರ ಮನೆಯಲ್ಲಿ ಮರಾಠಿಯ ಸಾಖಳಿ, ಖಾಂಬ ಅಂತಾರೆ. ನಾವು ಕಂಬ ಅನ್ನೋದು ಅಮೆರಿಕದ ಡಬಲ್.

ಮತ್ತೊಂದು, ಅಕ್ಕಾರ. ಗುಲಾಬಿಯನ್ನೇ ಹಿಡಿದು ಕೂಡಬೇಡ್ರಿ. ಶಾಲೆಗೆ ಹೋಗುವಾಗ ತಾಯಿಯವರು ಮುಡಿದಿರೋದು ಸೇವಂತಿಗೆ, ಅಬ್ಬಲಿಗೆ ಅಲ್ಲೇನ್ರಿ? ವಿಡಿಯೋದಲ್ಲಿ ಟುಲಿಪ್, ಲ್ಯಾವೆಂಡರ್ ಬಹಳ. ಅವು ಚೆಂದವೇ, ಆದರೆ ತಾಯಿಯವರಿಗೆ ಅದರಲ್ಲಿ ನೆನಪು ಏನಿದೆ? ಸೇವಂತಿಗೆ ಕಲಿಯೋರಿಗೆ ಗುಲಾಬಿಗಿಂತ ಸುಲಭ. ರಿಂಗ್ ಮಾಡಿ, 6 ಚೈನ್ ಹಾಕಿ, ಕಡ್ಡಿಯಿಂದ ಎರಡನೇ ಚೈನಿನಿಂದ ಸಿಂಗಲ್ ಕ್ರೋಶೆ ಹಾಕ್ತಾ ರಿಂಗಿಗೆ ವಾಪಸ್ ಬಂದು ಸ್ಲಿಪ್ ಸ್ಟಿಚ್ (ಎತ್ತರ ಇಲ್ಲದ, ಬರೇ ಕೂಡಿಸೋ ಹೆಣಿಗೆ). ಅದು ಒಂದು ಎಸಳು. ಇಂಥವು 8. ಬೇರೆ ರಿಂಗಿನಲ್ಲಿ 8 ಚೈನಿನ ಎಸಳು 10, ಮೂರನೇ ರಿಂಗಿನಲ್ಲಿ 10 ಚೈನಿನ ಎಸಳು 12. ಮೂರನ್ನೂ ಒಂದರ ಮೇಲೊಂದು ಇಟ್ಟು ನಡುವೆ ಹೊಲಿದು ತಂತಿ ಹಾಕ್ರಿ. ಗುಲಾಬಿಯಲ್ಲಿ ಎಸಳು ಒಳಗೆ ಬಾಗಿದರೆ ತಪ್ಪು, ಸೇವಂತಿಗೆಯಲ್ಲಿ ಅದೇ ಲಕ್ಷಣ. ನಿಮ್ಮ ಬಿಗಿ ಕೈಗೆ ಒಪ್ಪೋ ಹೂವು ಅದು.

ಹಾವೇರಿಯಿಂದ:

ನಮ್ಮ ಹಾವೇರಿ ಏಲಕ್ಕಿ ಮಾಲಿ ನೋಡಿರಬೇಕು ನೀವು. 2023ರ ಜನವರಿಯಾಗ ಸಾಹಿತ್ಯ ಸಮ್ಮೇಳನ ಇಲ್ಲೇ ಆದಾಗ ಬಂದವರೆಲ್ಲ ಅದನ್ನ ಕೇಳಿ ಕೇಳಿ ನೋಡಿದ್ರು. ಅದನ್ನ ನೋಡಿ ನಂಗೊಂದು ತಿಳೀತು: ಹೆಣೆದ ಹೂವಿಗೆ ಎಲ್ಲಾ ಐತಿ, ವಾಸನಿ ಇಲ್ಲ. ನಮ್ಮ ಅತ್ತಿಯವರಿಗೆ ಮಾಡಿದ ಬೊಕೆಯೊಳಗ ಅಬ್ಬಲಿಗಿ ಗೊಂಚಲದ ನಡಕ ಹಸರು ಏಲಕ್ಕಿ ಸೇರಿಸಿದೆ. ಅಂಟು ಹಚ್ಚಬ್ಯಾಡ್ರಿ, ಅಂಟಿನ ವಾಸನಿ ಏಲಕ್ಕಿ ವಾಸನೀನ ನುಂಗತೈತಿ. ಸಣ್ಣ ಸೂಜಿಲೆ ತೊಟ್ಟಿನ ಹತ್ರ ಚುಚ್ಚಿ, ನೂಲು ಹಾಯಿಸಿ, 28 ಗೇಜ್ ತಂತಿಗೆ ಮೂರು ಮೂರು ಕಟ್ರಿ. ಚಲೋ ಒಣಗಿದ ಏಲಕ್ಕಿ ಇರಬೇಕು, ಹಸಿ ಇದ್ರ ಬೂಸ್ಟು ಬರತೈತಿ. ಆರು ತಿಂಗಳಾದ ಮ್ಯಾಲೂ ಅತ್ತಿ ಅದನ್ನ ಮೂಗಿನ ಹತ್ರ ತಂದು ತಂದು ನೋಡ್ತಾರ.

ಧಾರವಾಡದಿಂದ, ಕೇಳಿದವಳು:

ಅಕ್ಕಾರ, ಅಣ್ಣಾರ, ಏನಂತ ಹೇಳ್ಲಿ, ಓದಿ ಬಾಳ ಧೈರ್ಯ ಬಂತು. ಅವ್ವ ಸೇವಂತಿಗಿನ ಮುಡಿಯೋದು, ಹಳದಿದು. ಅದನ್ನ ಮಾಡ್ತೀನಿ. ಇನ್ನೊಂದು ಕೇಳ್ಲಾ? ಹೂ ಗಟ್ಟಿ ನಿಲ್ಲಲಿಕ್ಕೆ ಗಂಜಿ ಹಾಕ್ಬೇಕು ಅಂತಾರ, ಇಸ್ತ್ರಿ ಮಾಡ್ಬೇಕು ಅಂತಾರ. ಹೌದೇನು?

ಧಾರವಾಡದಿಂದ, ಕಸೂತಿ ಹಾಕೋ ಹಿರಿಯರು:

ಮಗಳೇ, ಗಂಜಿ ಬೇಡ. ಅನ್ನದ ಗಂಜಿ ಹಾಕಿದ ಕ್ರೋಶಾ ಟೇಬಲ್ ಕ್ಲಾತನ್ನ ನಮ್ಮ ಮನೆಯ ಪೆಟ್ಟಿಗೆಯಲ್ಲಿ ಹುಳ ತಿಂದದ್ದು ನಾನೇ ಕಂಡಿದ್ದೇನೆ, ನಮ್ಮೂರ ಮಳೆಗಾಲದ ಥಂಡಿಗೆ ಅದು ತಪ್ಪೋದಿಲ್ಲ. ಗಟ್ಟಿ ಬೇಕೇ ಬೇಕಂದರೆ ಬಿಳಿ ಫೆವಿಕಾಲನ್ನ ನೀರಲ್ಲಿ ತೆಳ್ಳಗೆ ಕಲಸಿ, ಎಸಳಿನ ಹಿಂಬದಿಗೆ ಮಾತ್ರ ಕುಂಚದಿಂದ ಸವರು. ಇಸ್ತ್ರಿ ವಿಷಯದಲ್ಲಿ ಜೋಕೆ. ಬರೇ ಹತ್ತಿ ನೂಲಿದ್ದರೆ ದೂರದಿಂದ ಹಬೆ ತೋರಿಸಬಹುದು. ಅಕ್ರಿಲಿಕ್ ಇದ್ದರೆ ಬಿಸಿಗೆ ಅದು ಒಮ್ಮೆ ಮೆತ್ತಗಾಗಿ ಜೋತುಬಿದ್ದರೆ ಮತ್ತೆ ಎಂದೂ ಪುಟಿಯೋದಿಲ್ಲ. ಮಿಲ್ಕ್ ಕಾಟನ್ ಅಂತ ಮಾರೋದರಲ್ಲೂ ಅಕ್ರಿಲಿಕ್ ಕೂಡಿಸಿರ್ತಾರೆ, ಲೇಬಲ್ ಓದಿಕೋ.

ಇನ್ನು ಗಂಟು. ಕಸೂತಿಯಲ್ಲಿ ಗಂಟು ಹಾಕೋ ಪದ್ಧತಿಯೇ ಇಲ್ಲ. ಗವಂತಿ, ಮುರ್ಗಿ ಅನ್ನೋ ಕಸೂತಿ ಹೊಲಿಗೆ ಹಾಕಿದ ಸೀರೆಯನ್ನ ತಿರುವಿ ನೋಡಿದರೆ ಹಿಂದೂ ಮುಂದೂ ಒಂದೇ ಇರಬೇಕು. ಹೂವಿಗೂ ಅದೇ ರೂಢಿ ಇಟ್ಟುಕೋ. ನೂಲಿನ ತುದಿಯನ್ನ ನಾಲ್ಕು ಬೆರಳಷ್ಟು ಬಿಟ್ಟು ಕತ್ತರಿಸಿ, ದಪ್ಪ ಸೂಜಿಗೆ ಪೋಣಿಸಿ, ಕಂಬಗಳ ಹೊಟ್ಟೆಯಲ್ಲಿ ಒಂದು ಸಲ ಆ ಕಡೆ, ಒಂದು ಸಲ ಈ ಕಡೆ ಹಾಯಿಸು. ಗಂಟು ಹಾಕಿ ಕತ್ತರಿಸಿದ ತುದಿ ಇವತ್ತಲ್ಲ ನಾಳೆ ಹೊರಗೆ ಬರ್ತದೆ. ನಿನ್ನ ತಾಯಿ ಮೂವತ್ತು ವರ್ಷ ಮಕ್ಕಳ ಪಾಟಿ ತಿದ್ದಿದವರು, ಬೊಕೆ ಕೈಗೆ ಬಂದ ಕೂಡಲೇ ತಿರುಗಿಸಿ ಹಿಂಬದಿ ನೋಡೇ ನೋಡ್ತಾರೆ.

ಕೆಂಪು, ಕಡು ಹಸಿರು ನೂಲು ಮಾತ್ರ ಮೊದಲು ಪರೀಕ್ಷೆ ಮಾಡು. ಒಂದು ಗೇಣು ನೂಲನ್ನ ಒದ್ದೆ ಮಾಡಿ ಬಿಳಿ ಬಟ್ಟೆಯಲ್ಲಿ ಮಡಚಿ ಒತ್ತು. ಒಂದು ಅಂಗಡಿಯಲ್ಲಿ ‘ಬಣ್ಣ ಹೋಗೋದಿಲ್ಲ’ ಅಂತ ಕೊಟ್ಟ ಕೆಂಪು ನೂಲು ನನ್ನ ಬಿಳಿ ಮಲ್ಲಿಗೆಯನ್ನೆಲ್ಲ ಗುಲಾಬಿ ಮಾಡಿತ್ತು.

ಹುಬ್ಬಳ್ಳಿಯಿಂದ, ಮತ್ತೆ:

ತಂಗಿ, ಎಷ್ಟು ಹೂ ಅಂತ ಕೇಳಿದ್ದಿ, ಅದನ್ನ ಮರತಿದ್ದೆ. ದೊಡ್ಡ ಸೇವಂತಿಗಿ 9, ಅಬ್ಬಲಿಗಿ ಗೊಂಚಲ 5, ಎಲಿ 12. ಎಲಿ ಕಮ್ಮಿ ಮಾಡಬ್ಯಾಡ. ಹೂವಿನ ನಡಕ ಕಾಣೋ ಜಾಗ ಎಲ್ಲಾ ಎಲಿ ಮುಚ್ಚತೈತಿ, ಎಲಿ ಇಲ್ಲಂದ್ರ ಇಪ್ಪತ್ತು ಹೂ ಹಾಕಿದರೂ ಬೊಕೆ ಬೋಳ ಕಾಣತೈತಿ. ದಿನಾ ರಾತ್ರಿ ಒಂದು ತಾಸು ಕುಂತ್ರ ಮೂರು ವಾರಕ್ಕ ಹೂ ಮುಗೀತಾವ, ಉಳಿದಿದ್ದು ದಂಟಿಗೆ ಮತ್ತ ಕಟ್ಟಾಕ ಇಟ್ಕೊ.

ಕಟ್ಟುವಾಗ ನಡುವಿನ ಹೂ ಎಡಗೈಯಾಗ ಹಿಡಿ. ಉಳಿದ ದಂಟೆಲ್ಲಾ ಒಂದ ದಿಕ್ಕಿಗೆ ಓರಿ ಇಟ್ಟು, ಒಂದ ಜಾಗಕ್ಕ ಕೂಡಂಗ ಮಾಡು, ಒಂದೊಂದು ಹೂ ಇಟ್ಟಂಗ ಬೊಕೆನ ಕೈಯಾಗ ಚೂರು ತಿರಗಿಸ್ತಾ ಹೋಗು. ದಂಟು ಕೆಳಗ ಸುಳಿ ಸುತ್ತಿದಂಗ ಹರಡತಾವ, ಮ್ಯಾಲ ಹೂ ತಾವ ದುಂಡಗ ನಿಲ್ಲತಾವ. ನೆಟ್ಟಗ ಜೋಡಿಸಿದ್ರ ಪೊರಕಿ ಕಟ್ಟಿದಂಗ ಒತ್ತಿಕೊಂಡು ಬಿಡತಾವ.

ಸುತ್ತಾಕ ಮಿಂಚೋ ಕಾಗದ ತರಬ್ಯಾಡ. ಗುಳೇದಗುಡ್ಡದ ಖಣದ ತುಂಡು ಒಂದು ಮೀಟರ್ ತಗೊ. ಹಳದಿ ಹೂವಿಗೆ ಹಸರು ಇಲ್ಲಾ ಜಾಂಬಳಿ ಖಣ ಎದ್ದು ಕಾಣತೈತಿ. ಮುಂದ ಬೊಕೆ ಹೂದಾನಿಗೆ ಹೋದ ಮ್ಯಾಲ ಅವ್ವ ಅದರಾಗ ಕುಬಸ ಹೊಲಿಸ್ಕೊಳ್ಳಲಿ, ಕತ್ತರಿ ಹಚ್ಚದ ಮಡಚಿ ಕಟ್ಟು.

ಗದಗ-ಬೆಟಗೇರಿಯಿಂದ:

ಖಣ ಕತ್ತರಿಸದೆ ಇಡ್ರಿ ಅಂದಿದ್ದು ಸರಿ. ಅಂಚಿನ ಎಳೆ ಬಿಚ್ಚಬಾರದು ಅಂದರೆ ಒಂದು ಕಚ್ಚಾ ಹೊಲಿಗೆ ಹಾಕಿಸ್ರಿ, ಆಮೇಲೆ ಅದನ್ನ ಬಿಚ್ಚಬಹುದು. ನೂಲು ತರುವಾಗ ಒಂದೇ ಲಾಟ್ ನಂಬರಿನದು, ಅಂದರೆ ಒಂದೇ ಸಲ ಬಣ್ಣ ಹಾಕಿದ್ದು, ತರ್ರಿ. ಹಳದಿಯಲ್ಲಿ ಲಾಟ್ ಬದಲಾದರೆ ಟ್ಯೂಬ್‌ಲೈಟಿನ ಕೆಳಗೆ ಗೊತ್ತಾಗೋದಿಲ್ಲ, ಬಿಸಿಲಿಗೆ ಹಿಡಿದರೆ ಬೇರೆ ಬೇರೆ ಕಾಣ್ತದೆ.

ಧಾರವಾಡದಿಂದ, ಕೇಳಿದವಳು:

ನಿನ್ನೆ ರಾತ್ರಿ ಮೊದಲನೇ ಸೇವಂತಿಗಿ ಆತು. ಮೂರೂ ಪದರು ಕೂಡಿಸಿ, ತಂತಿಗೆ ಉಂಗುರ ಮಾಡಿ, ಕೆಳಗ ಟೊಪ್ಪಿಗಿ ಹೊಲಿದು ಹಿಡದೆ. ಅಲ್ಲಾಡಿಸಿದರೂ ಕುತಗಿ ಬಾಗಲಿಲ್ಲ! ಅಷ್ಟರಾಗ ಅವ್ವ ‘ಇನ್ನೂ ಲೈಟ್ ಯಾಕ ಹಚ್ಚಿ?’ ಅಂತ ಒಳಗ ಬಂದ್ಲು, ದಿಂಬಿನ ಕೆಳಗ ಇಟ್ಟು ಮಲಕೊಂಡೆ. ಮುಂಜಾನೆ ತಗದ್ರ ಒಂದು ಎಸಳು ಮಡಚಿತ್ತು, ಬೆರಳಿಲೆ ತಿದ್ದಿದ ಕೂಡ್ಲೆ ಸರಿ ಆತು. ಇನ್ನೂ ಎಂಟು ಆಗಬೇಕು, ಹಳದಿ ನೂಲು ಮೂರಕ್ಕ ಸಾಲೋವಷ್ಟು ಅದ. ಉಂಡಿ ಮ್ಯಾಲಿನ ಲೇಬಲ್ ಹರಿದು ಪರ್ಸಿನಾಗ ಇಟ್ಕೊಂಡೀನಿ. ಐತವಾರ ಹುಬ್ಬಳ್ಳಿ ದುರ್ಗದ ಬೈಲ್ ಪ್ಯಾಟಿಗೆ ಹೋಗಿ ಅದ ಲಾಟ್ ಹುಡುಕ್ತೀನಿ, ಖಣಾನೂ ತರ್ತೀನಿ.