ಹಬ್ಬದ ಪತ್ರ ಮಗುವಿನದೇ ಆಗಬೇಕಾದರೆ ಏನು ಮಾಡಬೇಕು?

ಪ್ರಶ್ನೆ (ತಾಯಿ):
ನನ್ನ ಎಂಟು ವರ್ಷದ ಮಗಳಿಗೆ ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಸ್ನಾಯುಗಳ ಮೇಲೆ ಹಿಡಿತ ತಪ್ಪುವ ಸ್ಥಿತಿ) ಇದೆ. ಮಾತು ಸ್ಪಷ್ಟವಿಲ್ಲ, ಪೆನ್ಸಿಲ್ ಹಿಡಿದರೆ ಎರಡು ಅಕ್ಷರ ಮೂಡುವಷ್ಟರಲ್ಲಿ ಕೈ ಬಿಗಿದುಕೊಳ್ಳುತ್ತದೆ. ಹಬ್ಬದ ರಜೆಯಲ್ಲಿ ಮಕ್ಕಳಿಬ್ಬರೂ ಅಜ್ಜಿಗೆ ಪತ್ರ ಬರೆಯುವುದು ನಮ್ಮ ಮನೆಯ ರೂಢಿ. ಕಳೆದ ಸಲ ಅವಳ ಕೈಹಿಡಿದು ನಾನೇ ಬರೆಸಿದೆ. ಪತ್ರ ಅಂದವಾಗಿಯೇ ಬಂತು, ಆದರೆ ಓದಿ ಹೇಳಿದಾಗ ಅವಳು ಮುಖ ತಿರುಗಿಸಿಕೊಂಡಳು. ಈ ಬಾರಿ ಕಣ್ಣು ಕಾಣದ ಗೆಳತಿಯೊಬ್ಬಳಿಗೂ ಪತ್ರ ಕಳುಹಿಸಬೇಕೆಂಬ ಆಸೆ ಅವಳಿಗಿದೆ. ತಿಳಿದವರು ದಯವಿಟ್ಟು ಸಲಹೆ ನೀಡಿ.

ಉತ್ತರ 1 (ವಿಶೇಷ ಶಿಕ್ಷಕಿ):
ಅಕ್ಷರ ಮೂಡಿಸುವುದು ಬೇರೆ, ಪತ್ರ ಬರೆಯುವುದು ಬೇರೆ. ಮೊದಲನೆಯದನ್ನು ನೀವು ಮಾಡಿಕೊಟ್ಟರೆ ತಪ್ಪಿಲ್ಲ; ಎರಡನೆಯದು ಮಾತ್ರ ಅವಳಿಂದಲೇ ಬರಬೇಕು. ಮನೆಯವರ ಫೋಟೊ, ಸಂತೋಷ, ಕೋಪ, ಬೇಕು, ಬೇಡ ಮುಂತಾದ ಚಿತ್ರಗಳನ್ನು ರಟ್ಟಿನ ಮೇಲೆ ದೂರದೂರ ಅಂಟಿಸಿ, ಬೆರಳಿನಿಂದಾಗಲಿ ನೋಟದಿಂದಾಗಲಿ ಅವಳು ತೋರಿಸಿದ್ದನ್ನು ತೋರಿಸಿದ ಕ್ರಮದಲ್ಲೇ ಬರೆದುಕೊಳ್ಳಿ. ‘ಇದ್ಯಾವುದೂ ಅಲ್ಲ’ ಎಂಬ ಒಂದು ಚೌಕ ಇರಲೇಬೇಕು, ಇಲ್ಲದಿದ್ದರೆ ನೀವು ಊಹಿಸಿದ್ದನ್ನೇ ಅವಳು ಒಪ್ಪಿಕೊಳ್ಳಬೇಕಾಗುತ್ತದೆ. ‘ಅಜ್ಜಿ ಅಂದರೆ ಇಷ್ಟ ಅಲ್ಲವಾ?’ ಎಂದು ಕೇಳಿದರೆ ಯಾವ ಮಗು ತಾನೇ ಇಲ್ಲವೆಂದೀತು? ಕೇಳಿದ ಮೇಲೆ ಮನಸ್ಸಿನಲ್ಲೇ ಹತ್ತು ಎಣಿಸುವವರೆಗೆ ಸುಮ್ಮನಿರಿ, ಉತ್ತರಕ್ಕೆ ಅಷ್ಟು ಹೊತ್ತು ಬೇಕಾಗುತ್ತದೆ. ಹಿಂದೊಮ್ಮೆ ಒಬ್ಬ ಹುಡುಗ ‘ನಾಯಿ’, ‘ಕೋಪ’, ‘ನಾನು’ ಎಂದು ತೋರಿಸಿದಾಗ, ಅದನ್ನು ‘ನಮ್ಮ ನಾಯಿ ಬಲು ತುಂಟ’ ಎಂದು ತಿದ್ದಲು ನನ್ನ ಕೈ ತುರಿಸಿದ್ದುಂಟು. ತಿದ್ದದೆ ಮೂರು ಪದಗಳನ್ನೇ ಕಳುಹಿಸಿದೆವು.

ಉತ್ತರ 2 (ಆಕ್ಯುಪೇಷನಲ್ ಥೆರಪಿಸ್ಟ್, ಅಂದರೆ ದಿನನಿತ್ಯದ ಕೆಲಸಗಳನ್ನು ಮಾಡಲು ನೆರವಾಗುವ ಚಿಕಿತ್ಸಕಿ):
ಹೆಸರನ್ನಾದರೂ ಸ್ವಂತ ಕೈಯಿಂದ ಬರೆಯುವ ಆಸೆ ಅವಳಿಗಿದ್ದರೆ, ಮೊದಲು ಕುಳಿತ ಭಂಗಿಯನ್ನು ಗಮನಿಸಿ: ಪಾದಗಳು ನೆಲಕ್ಕೋ ಮಣೆಗೋ ಊರಿರಬೇಕು, ಮೊಣಕೈಗೆ ಆಸರೆ ಇರಬೇಕು. ಕಾಗದವನ್ನು ಓರೆಯಾದ ಹಲಗೆಗೆ ಟೇಪಿನಿಂದ ಅಂಟಿಸಿ, ಪೆನ್ಸಿಲ್ ಬದಲು ದಪ್ಪ ಸ್ಕೆಚ್ ಪೆನ್ ಕೊಡಿ, ಅದಕ್ಕೆ ಹೆಚ್ಚು ಒತ್ತಡ ಬೇಕಿಲ್ಲ. ಅದೂ ಆಗದಿದ್ದರೆ ಹೆಬ್ಬೆರಳಿನ ಗುರುತೇ ಸಾಕು. ಒಂದೇ ದಿನ ಮುಗಿಸುವ ಹಟ ಬೇಡ.

ಉತ್ತರ 3 (ಬ್ರೈಲ್ ಓದುವವನು):
ಗೆಳತಿ ಬ್ರೈಲ್ (ಆರು ಉಬ್ಬು ಚುಕ್ಕೆಗಳಿಂದ ಅಕ್ಷರ ಮೂಡಿಸಿ ಬೆರಳಿನಿಂದ ಓದುವ ಲಿಪಿ) ಓದುತ್ತಾಳೆಯೇ ಎಂದು ಮೊದಲು ವಿಚಾರಿಸಿ; ಓದದಿದ್ದರೆ ಧ್ವನಿಮುದ್ರಣ ಕಳುಹಿಸಬಹುದು. ಬ್ರೈಲ್ ಸ್ಲೇಟು (ಕಾಗದ ಸಿಕ್ಕಿಸುವ, ಸಣ್ಣ ಕಿಂಡಿಗಳಿರುವ ಪಟ್ಟಿ) ಮತ್ತು ಸ್ಟೈಲಸ್ (ಚುಕ್ಕೆ ಚುಚ್ಚುವ ಮೊನೆಯ ಸಾಧನ) ಇದ್ದರೆ ನೀವೇ ಚುಚ್ಚಬಹುದು, ಆದರೆ ಚುಚ್ಚುವುದು ಕಾಗದದ ಹಿಂಬದಿಯಿಂದಾದ್ದರಿಂದ ಬಲದಿಂದ ಎಡಕ್ಕೆ ಸಾಗಬೇಕು, ಪ್ರತಿ ಅಕ್ಷರವೂ ಕನ್ನಡಿಯಲ್ಲಿ ಕಂಡಂತೆ ತಿರುಗಿರಬೇಕು. ಹೊಸಬರೆಲ್ಲ ಎಡವುವುದು ಇಲ್ಲಿಯೇ. 1951ರಲ್ಲಿ ತಯಾರಿಕೆ ಆರಂಭವಾದ ಪರ್ಕಿನ್ಸ್ ಬ್ರೈಲರ್ ಯಂತ್ರಕ್ಕೆ ಈ ತೊಡಕಿಲ್ಲ. ಆರು ಚುಕ್ಕೆಗಳಿಗೆ ಆರು ಕೀಲಿಗಳಿದ್ದು, ಎಡದಿಂದ ಬಲಕ್ಕೇ ಮೂಡುತ್ತದೆ. ದಪ್ಪ ಕಾಗದ ಬಳಸಿ, ಚುಕ್ಕೆಗಳ ಮೇಲೆ ಮಡಿಕೆ ಬೀಳದಂತೆ ದೊಡ್ಡ ಲಕೋಟೆಯಲ್ಲಿಡಿ. ವಿಶ್ವ ಅಂಚೆ ಒಕ್ಕೂಟದ ಒಪ್ಪಂದದ ಪ್ರಕಾರ ಅಂಧರಿಗೆ ಬರುವ ಬ್ರೈಲ್ ಪತ್ರಗಳಿಗೆ ಅಂಚೆ ಶುಲ್ಕ ವಿನಾಯಿತಿ ಇದೆ. ನಿಮ್ಮ ಅಂಚೆ ಕಚೇರಿಯಲ್ಲಿ ಲಕೋಟೆಯ ಮೇಲೆ ಏನು ನಮೂದಿಸಬೇಕೆಂದು ಕೇಳಿಕೊಳ್ಳಿ.

ಪ್ರಶ್ನೆ ಕೇಳಿದವರಿಂದ:
ಎಲ್ಲರಿಗೂ ಧನ್ಯವಾದಗಳು. ನಿನ್ನೆ ಸಂಜೆ ಚಿತ್ರಗಳ ರಟ್ಟನ್ನು ಮುಂದಿಟ್ಟೆ. ಅವಳು ಮೊದಲು ನೋಡಿದ್ದು ‘ಅಜ್ಜಿ’, ಆಮೇಲೆ ‘ಅಣ್ಣ’, ಬಹಳ ಹೊತ್ತಿನ ನಂತರ ‘ಬೇಡ’. ಅಣ್ಣನಿಗೆ ತೋರಿಸದೆ ಲಕೋಟೆ ಅಂಟಿಸಿದ್ದೇನೆ.