ಸಹಾಯ ಬೇಕು: ಪದ್ಮಿನಿ ಕಾರಿನ ಮೀಟರ್‌ಗೆ ಎಲ್‌ಇಡಿ ಹಾಕಿದವರು ಯಾರಾದ್ರೂ ಇದ್ದೀರಾ?

ಅಪ್ಪನ 1986ರ ಪ್ರೀಮಿಯರ್ ಪದ್ಮಿನಿ ಉಂಟು, ರಾತ್ರಿ ಉಡುಪಿಯಿಂದ ಮಂಗಳೂರಿಗೆ ಬರುವಾಗ ಸ್ಪೀಡೋಮೀಟರ್ ಮುಳ್ಳೇ ಕಾಣುದಿಲ್ಲ ಮಾರಾಯ್ರೆ, ಪಡುಬಿದ್ರಿ ಹತ್ರ ಮೊಬೈಲ್ ಟಾರ್ಚ್ ಹಾಕಿ ಪೆಟ್ರೋಲ್ ನೋಡಿದ್ದು. ಮೊನ್ನೆ ಮೀಟರ್ ಹಿಂದೆ 12 ವೋಲ್ಟಿನ ಎಲ್‌ಇಡಿ ಹಾಕಿದೆ, ಒಂದು ಹತ್ತಲೇ ಇಲ್ಲ, ಅಂಗಡಿಯವನಿಗೆ ಮನಸ್ಸಲ್ಲೇ ಬೈದು ಆಮೇಲೆ ತಿರುಗಿಸಿ ಹಾಕಿದ್ರೆ ಹತ್ತಿತು, ಪ್ಲಸ್ ಮೈನಸ್ ಉಲ್ಟಾ ಆಗಿತ್ತು ಅಷ್ಟೆ. ಬೆಳಕು ಮಾತ್ರ ಟ್ಯೂಬ್‌ಲೈಟ್ ಹಾಗೆ ಬಿಳಿ, ಹಳೇ ಗಾಡಿಯ ಚಂದವೇ ಹೋಯ್ತು. ವಾರ್ಮ್ ವೈಟ್, ಅಂದ್ರೆ ಸ್ವಲ್ಪ ಹಳದಿ ಬೆಳಕಿನದ್ದು, ಮಂಗಳೂರಲ್ಲಿ ಎಲ್ಲಿ ಸಿಗ್ತದೆ? ಮತ್ತೆ ಚಾರ್ಜಿಂಗಿನ ಕೆಂಪು ಲೈಟಿಗೆ ಎಲ್‌ಇಡಿ ಹಾಕಿದ್ರೆ ಕರೆಂಟ್ ಸಾಲದೆ ಆಲ್ಟರ್ನೇಟರ್ (ಇಂಜಿನ್ ಓಡುವಾಗ ಕರೆಂಟ್ ಮಾಡುವ ಭಾಗ) ಬ್ಯಾಟರಿ ಚಾರ್ಜ್ ಶುರು ಮಾಡದೇ ಇರಬಹುದು ಅಂತ ಕಂಕನಾಡಿಯ ಎಲೆಕ್ಟ್ರಿಷಿಯನ್ ಒಬ್ರು ಹೇಳಿದ್ರು, ಅದು ಹಳೇದೇ ಬಿಟ್ಟಿದ್ದೇನೆ. ಇಂಡಿಕೇಟರ್ ಬಲ್ಬಿಗೂ ಹಾಗೆ ಎಂತಾದ್ರೂ ಕಿರಿಕಿರಿ ಉಂಟಾ? ಹಾಕಿ ನೋಡಿದವರು ಸ್ವಲ್ಪ ಹೇಳಿ.