ಮನೋವೈದ್ಯರಿಗೆ ಕೇಳಿ: ಮನೆಯ ಪರಿಸ್ಥಿತಿ, ವಯಸ್ಸು ಮತ್ತು ಮನಸ್ಸಿನ ಕಾಯಿಲೆ

ಗುಂಪಿನ ನಿರ್ವಾಹಕರು: ಕಲಬುರಗಿ, ಬೀದರ್ ಮತ್ತು ಯಾದಗಿರಿ ಜಿಲ್ಲೆಗಳ ಸದಸ್ಯರು ಮಕ್ಕಳು, ಬಾಣಂತಿಯರು, ದುಡಿಯುವ ವಯಸ್ಸಿನವರು ಮತ್ತು ಹಿರಿಯರ ಮಾನಸಿಕ ಆರೋಗ್ಯದ ಬಗ್ಗೆ ಇಲ್ಲಿ ಪ್ರಶ್ನೆ ಕೇಳಬಹುದು. ಕಲಬುರಗಿಯ ಮನೋವೈದ್ಯೆಯೊಬ್ಬರು ಬಿಡುವು ಮಾಡಿಕೊಂಡು ಉತ್ತರಿಸಲು ಒಪ್ಪಿದ್ದಾರೆ. ರೋಗಿಯ ಹೆಸರಾಗಲಿ, ಹಳ್ಳಿಯ ಹೆಸರಾಗಲಿ ಬರೆಯಬೇಡಿ. ತಾಲ್ಲೂಕು ತಿಳಿಸಿದರೆ ಸಾಕು.

ಗೃಹಿಣಿ, ಭಾಲ್ಕಿ: ಮೇಡಂ, ನನಗೆ ಖಿನ್ನತೆಗೆಂದು ಮಾತ್ರೆ ನಡೆದಿದೆ. ಇವು ಒಮ್ಮೆ ಹಿಡಿದರೆ ಚಟವಾಗಿ ಜೀವನಪೂರ್ತಿ ಬಿಡುವುದಿಲ್ಲ ಎಂದು ನಮ್ಮ ಅತ್ತೆಯವರು ಹೇಳುತ್ತಾರೆ. ಇದು ನಿಜವೇ?

ಮನೋವೈದ್ಯೆ: ನಿಜವಲ್ಲ. ಖಿನ್ನತೆಯ ಮಾತ್ರೆಗಳು ಚಟ ಹಿಡಿಸುವುದಿಲ್ಲ. ಅವುಗಳ ಗುಣ ಕಾಣಲು ಸಾಮಾನ್ಯವಾಗಿ 2ರಿಂದ 4 ವಾರ ಬೇಕು. ಚೇತರಿಸಿಕೊಂಡ ಮೇಲೂ ಕನಿಷ್ಠ 6 ತಿಂಗಳು ಮುಂದುವರಿಸಿ, ಆಮೇಲೆ ವೈದ್ಯರು ಹೇಳಿದಂತೆ ಪ್ರಮಾಣವನ್ನು ಇಳಿಸುತ್ತ ನಿಲ್ಲಿಸಬೇಕು. ಚಟದ ಅಪಾಯವಿರುವುದು ನಿದ್ದೆಗೆಂದು ಬರೆದುಕೊಡುವ ಆಲ್‌ಪ್ರಜೋಲಾಂನಂತಹ ಮಾತ್ರೆಗಳಲ್ಲಿ. ಹಳೆಯ ಚೀಟಿ ತೋರಿಸಿ ಅವನ್ನು ತಿಂಗಳುಗಟ್ಟಲೆ ಕೊಂಡು ನುಂಗುವವರಿದ್ದಾರೆ, ಅದನ್ನು ಮಾಡಬೇಡಿ.

ಶಿಕ್ಷಕರು, ಶಹಾಪುರ: ನಮ್ಮ ಶಾಲೆಯಲ್ಲಿ ಓದುವ 13 ವರ್ಷದ ಹುಡುಗಿಯ ತಂದೆತಾಯಿ ರಾಶಿ ಮುಗಿದ ಮೇಲೆ ಮುಂಬೈಗೆ ಗುಳೆ ಹೋಗಿದ್ದಾರೆ. ಹುಡುಗಿ ವಸತಿ ನಿಲಯದಲ್ಲಿದ್ದಾಳೆ. ಅವಳಿಗೆ ಪ್ರತಿದಿನ ಬೆಳಿಗ್ಗೆ ಹೊಟ್ಟೆನೋವು ಬರುತ್ತದೆ. ಸ್ಕ್ಯಾನಿಂಗ್‌ನಲ್ಲಿ ಏನೂ ಕಂಡುಬಂದಿಲ್ಲ. ಮೊದಲು ತರಗತಿಗೆ ಮುಂದಿದ್ದವಳು ಈಗ ಕೇಳಿದ್ದಕ್ಕೂ ಉತ್ತರಿಸುವುದಿಲ್ಲ. ನೆಪ ಮಾಡುತ್ತಾಳೆ ಎಂದು ನಿಲಯದವರು ಹೇಳುತ್ತಾರೆ.

ಮನೋವೈದ್ಯೆ: ಸರ್, ಸ್ಕ್ಯಾನಿಂಗ್‌ನಲ್ಲಿ ಕಾಣದ ಹೊಟ್ಟೆನೋವು ಸುಳ್ಳು ಹೊಟ್ಟೆನೋವಲ್ಲ. ಈ ವಯಸ್ಸಿನ ಮಕ್ಕಳು ತಮಗೆ ದುಃಖವಾಗಿದೆ ಎಂದು ಬಾಯಿಬಿಟ್ಟು ಹೇಳುವುದು ಕಡಿಮೆ. ಅವರ ದುಃಖ ಹೊಟ್ಟೆನೋವು, ತಲೆನೋವು, ಸಿಡುಕು ಅಥವಾ ಮೌನವಾಗಿ ಹೊರಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಮಾನಸಿಕ ಕಾಯಿಲೆಗಳಲ್ಲಿ ಮೂರನೆಯ ಒಂದು ಭಾಗ 14ನೆಯ ವಯಸ್ಸಿನೊಳಗೆ, ಅರ್ಧದಷ್ಟು 18ನೆಯ ವಯಸ್ಸಿನೊಳಗೆ ಆರಂಭವಾಗುತ್ತವೆ. ಆದ್ದರಿಂದ ದೊಡ್ಡವಳಾದ ಮೇಲೆ ಸರಿಹೋದೀತು ಎಂದು ಕಾಯಬಾರದು. ವಾರದಲ್ಲಿ ನಿಗದಿಯಾದ ದಿನ, ನಿಗದಿಯಾದ ಹೊತ್ತಿಗೆ ಅವ್ವನೊಂದಿಗೆ ಫೋನಿನಲ್ಲಿ ಮಾತನಾಡಲು ಅವಕಾಶ ಮಾಡಿಕೊಡಿ. ಅವಳು ನಂಬುವ ಶಿಕ್ಷಕಿಯೊಬ್ಬರು ಅವಳನ್ನು ಏಕಾಂತದಲ್ಲಿ ಕೂರಿಸಿಕೊಂಡು ಎರಡು ವಿಷಯಗಳನ್ನು ನಿಧಾನವಾಗಿ ವಿಚಾರಿಸಲಿ: ಯಾರಾದರೂ ಅವಳನ್ನು ಮುಟ್ಟಬಾರದ ರೀತಿಯಲ್ಲಿ ಮುಟ್ಟುತ್ತಿದ್ದಾರೆಯೇ, ಊರಿನಲ್ಲಿ ಅವಳ ಮದುವೆಯ ಮಾತು ನಡೆದಿದೆಯೇ. ಮೊದಲನೆಯದು ನಿಜವಾದರೆ ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ದೂರು ಕೊಡುವುದು ಶಾಲೆಯ ಕಾನೂನುಬದ್ಧ ಕರ್ತವ್ಯ. ಎರಡಕ್ಕೂ ಮಕ್ಕಳ ಸಹಾಯವಾಣಿ 1098 ಇದೆ.

ಶಿಕ್ಷಕರು, ಶಹಾಪುರ: ಮದುವೆಯ ಮಾತನ್ನು ನಾನು ಯೋಚಿಸಿರಲಿಲ್ಲ. ಅವಳ ಸೋದರಮಾವ ಎರಡು ಬಾರಿ ನಿಲಯಕ್ಕೆ ಬಂದು ಹೋಗಿದ್ದಾನೆ. ವಿಚಾರಿಸುತ್ತೇನೆ.

ನಿವೃತ್ತ ನೌಕರರು, ಕಲಬುರಗಿ: ಇದಕ್ಕೆಲ್ಲ ಮೂಲ ಕಾರಣ ಕೂಡು ಕುಟುಂಬ ಒಡೆದದ್ದು ಮತ್ತು ಮೊಬೈಲ್. ನಮ್ಮ ಕಾಲದಲ್ಲಿ ಒಂದೇ ಮನೆಯಲ್ಲಿ ಇಪ್ಪತ್ತು ಜನರಿದ್ದೆವು, ಯಾರಿಗೂ ಖಿನ್ನತೆ ಎಂಬುದೇ ಇರಲಿಲ್ಲ.

ಗೃಹಿಣಿ, ಭಾಲ್ಕಿ: ಕಾಕಾ, ಆ ಇಪ್ಪತ್ತು ಜನರಿಗೆ ರೊಟ್ಟಿ ಬಡಿದವರನ್ನು ನೀವು ಎಂದಾದರೂ ಕೇಳಿದ್ದೀರಾ? ನಮ್ಮ ಅಜ್ಜಿ ವರ್ಷಗಟ್ಟಲೆ ಅಡುಗೆಮನೆಯಲ್ಲಿ ಒಬ್ಬಳೇ ಅಳುತ್ತಿದ್ದಳು. ಅದಕ್ಕೆ ಯಾರೂ ಹೆಸರಿಡಲಿಲ್ಲ, ಅಷ್ಟೇ.

ನಿವೃತ್ತ ನೌಕರರು, ಕಲಬುರಗಿ: ಎಲ್ಲದಕ್ಕೂ ಗಂಡಸರನ್ನು ದೂರುವುದು ಈಗಿನ ರೂಢಿಯಾಗಿದೆ. ನಾನು ಕೇಳಿದ್ದು ವೈದ್ಯರನ್ನು.

ಮನೋವೈದ್ಯೆ: ಕೂಡು ಕುಟುಂಬ ಕೆಲವರಿಗೆ ಆಸರೆಯಾಗಿದೆ, ಕೆಲವರ ಉಸಿರು ಕಟ್ಟಿಸಿದೆ. ಮನೆಯಲ್ಲಿ ಎಷ್ಟು ಜನರಿದ್ದಾರೆ ಎಂಬುದಕ್ಕಿಂತ ಕಷ್ಟ ಹೇಳಿಕೊಳ್ಳಲು ಅವರಲ್ಲಿ ಒಬ್ಬರಾದರೂ ಇದ್ದಾರೆಯೇ ಎಂಬುದು ಮುಖ್ಯ. ಮುಂದಿನ ಪ್ರಶ್ನೆ ಕೇಳಿ.

ವ್ಯಾಪಾರಿ, ಹುಮನಾಬಾದ್: ದೊಡ್ಡವ್ವನಿಗೆ 74 ವರ್ಷ. ದೊಡ್ಡಪ್ಪ ತೀರಿಕೊಂಡ ಮೇಲೆ ಊರಿನ ಮನೆಯಲ್ಲಿ ಒಬ್ಬರೇ ಇದ್ದಾರೆ, ಮಕ್ಕಳು ಪುಣೆಯಲ್ಲಿದ್ದಾರೆ. ಒಲೆಯ ಮೇಲೆ ಇಟ್ಟದ್ದನ್ನು ಮರೆಯುತ್ತಾರೆ, ಊಟ ಬಿಟ್ಟಿದ್ದಾರೆ. ಇದು ಮರೆವಿನ ಕಾಯಿಲೆಯೇ?

ಮನೋವೈದ್ಯೆ: ಆಗಿರಬಹುದು, ಆದರೆ ಮೊದಲೇ ಆ ಹಣೆಪಟ್ಟಿ ಹಚ್ಚಬೇಡಿ. ಹಿರಿಯರಲ್ಲಿ ಖಿನ್ನತೆಯೂ ಮರೆವಿನಂತೆಯೇ ಕಾಣುತ್ತದೆ, ಮತ್ತು ಅದಕ್ಕೆ ಒಳ್ಳೆಯ ಚಿಕಿತ್ಸೆಯಿದೆ. ವರ್ಷಗಳಲ್ಲಿ ನಿಧಾನವಾಗಿ ಬಂದದ್ದೋ, ಸಾವಿನ ನಂತರದ ತಿಂಗಳುಗಳಲ್ಲಿ ಬಂದದ್ದೋ ಎಂಬುದನ್ನು ಬರೆದಿಟ್ಟುಕೊಳ್ಳಿ. ಥೈರಾಯ್ಡ್, ಬಿ12, ರಕ್ತದ ಸೋಡಿಯಂ, ಕಿವಿ ಮತ್ತು ಕಣ್ಣು ಪರೀಕ್ಷೆ ಮಾಡಿಸಿ. ಬಿಪಿಯ ಕೆಲವು ಮಾತ್ರೆಗಳಿಂದಲೂ ಸೋಡಿಯಂ ಇಳಿಯುತ್ತದೆ. ಎರಡು ಮೂರು ದಿನಗಳಲ್ಲಿ ಥಟ್ಟನೆ ಗೊಂದಲ ಹೆಚ್ಚಾದರೆ ಅದು ಸೋಂಕು ಅಥವಾ ಬೇರೆ ದೈಹಿಕ ಕಾರಣದಿಂದ ಇರಬಹುದು, ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ.

ಸದಸ್ಯರು, ಚಿತ್ತಾಪುರ: ಖಿನ್ನತೆಯ ಮಾತ್ರೆ ಚಟವಾಗುತ್ತದೆಯೇ ಮೇಡಂ?

ಮನೋವೈದ್ಯೆ: ಇಲ್ಲ. ಮೇಲೆ ಉತ್ತರಿಸಿದ್ದೇನೆ.

ಪದವಿ ವಿದ್ಯಾರ್ಥಿ, ಅಫಜಲಪುರ: ಮೇಡಂ, ನಮ್ಮ ಅಪ್ಪನಿಗೆ 52 ವರ್ಷ. ಎರಡು ಹಂಗಾಮು ನೆಟೆ ರೋಗದಿಂದ ತೊಗರಿ ಒಣಗಿತು. ಲಾವಣಿಗೆ (ಗುತ್ತಿಗೆಗೆ) ಹಿಡಿದ ಹೊಲ, ಬ್ಯಾಂಕಿನ ಸಾಲ, ಅಡತಿ ಅಂಗಡಿಯ ಕೈಗಡ ಎಲ್ಲ ಸೇರಿವೆ. ಅಪ್ಪ ರಾತ್ರಿ ಮೂರು ಗಂಟೆಗೇ ಎದ್ದು ಅಂಗಳದಲ್ಲಿ ಕೂರುತ್ತಾರೆ, ಚಹಾದ ಅಂಗಡಿಗೆ ಹೋಗುವುದನ್ನೂ ಬಿಟ್ಟಿದ್ದಾರೆ. ಮೊನ್ನೆ ಪಹಣಿ ಮತ್ತು ಬ್ಯಾಂಕ್ ಪುಸ್ತಕಗಳನ್ನು ಕಾಕಾನಿಗೆ ಒಪ್ಪಿಸಿ, ತಂಗಿಯ ಮದುವೆಯನ್ನು ನೀನೇ ಮಾಡಬೇಕು ಎಂದರಂತೆ. ಸಾಲ ತೀರಿದರೆ ಸರಿಹೋಗುತ್ತಾರೆ, ಆಸ್ಪತ್ರೆ ಏಕೆ ಎಂದು ಮನೆಯವರು ಹೇಳುತ್ತಾರೆ.

ಮನೋವೈದ್ಯೆ: ತಮ್ಮಾ, ನಿನ್ನ ಪ್ರಶ್ನೆಯನ್ನು ಓದಿ ಉಳಿದವುಗಳನ್ನು ಬದಿಗಿಟ್ಟಿದ್ದೇನೆ. ಕಾಗದಪತ್ರ ಒಪ್ಪಿಸಿದ್ದು ಮತ್ತು ಮದುವೆಯ ಹೊಣೆ ಹೊರಿಸಿದ್ದು, ಇವೆರಡೂ ಜೀವ ಕಳೆದುಕೊಳ್ಳುವ ಯೋಚನೆಯಲ್ಲಿರುವ ಮನುಷ್ಯ ಮಾಡುವ ಕೆಲಸಗಳು. ಹಾಗೆಯೇ ಇದೆ ಎಂದು ನಾನು ಇಲ್ಲಿಂದ ಹೇಳಲಾರೆ, ಆದರೆ ಇದೆ ಎಂದೇ ಭಾವಿಸಿ ನಡೆದುಕೊಳ್ಳಬೇಕು.

ಇಂದು ರಾತ್ರಿಯೇ ಮನೆಯಲ್ಲಿ ಮತ್ತು ಹೊಲದ ಗುಡಿಸಲಿನಲ್ಲಿ ಇರುವ ಬೆಳೆಗೆ ಹೊಡೆಯುವ ಎಣ್ಣೆಯ (ಕೀಟನಾಶಕದ) ಡಬ್ಬಿಗಳನ್ನೆಲ್ಲ ತೆಗೆದು, ಅಪ್ಪನಿಗೆ ತಿಳಿಯದಂತೆ ಬೇರೊಬ್ಬರ ಮನೆಯಲ್ಲಿ ಬೀಗ ಹಾಕಿಸು. ಸಾಯಲು ನಿರ್ಧರಿಸಿದವನು ಹೇಗಾದರೂ ಸಾಯುತ್ತಾನೆ ಎಂದು ನಿನಗೆ ಯಾರಾದರೂ ಹೇಳಿದರೆ ನಂಬಬೇಡ. ಆ ತೀವ್ರ ಘಳಿಗೆ ಅನೇಕರಲ್ಲಿ ಬಂದು ಹೋಗುವಂಥದ್ದು, ಆ ಹೊತ್ತಿನಲ್ಲಿ ವಿಷ ಕೈಗೆ ಸಿಗದಿದ್ದರೆ ಜೀವ ಉಳಿಯುತ್ತದೆ. ಶ್ರೀಲಂಕಾದಲ್ಲಿ 1990ರ ದಶಕದಲ್ಲಿ ಅತಿ ವಿಷಕಾರಿ ಕೀಟನಾಶಕಗಳನ್ನು ನಿಷೇಧಿಸಿದ ಮೇಲೆ ಇಡೀ ದೇಶದ ಆತ್ಮಹತ್ಯೆಯ ಪ್ರಮಾಣವೇ ಬಹಳ ಇಳಿಯಿತು.

ಆಮೇಲೆ ಅಪ್ಪನ ಪಕ್ಕದಲ್ಲಿ ಕುಳಿತು ನೇರವಾಗಿ ಕೇಳು: ‘ಅಪ್ಪಾ, ಬದುಕು ಸಾಕು ಅನ್ನಿಸಿದೆಯಾ? ಜೀವ ಕಳೆದುಕೊಳ್ಳುವ ಯೋಚನೆ ಬಂದಿದೆಯಾ?’ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬುದು ತಪ್ಪು ನಂಬಿಕೆ. ಬಹಳಷ್ಟು ಜನರಿಗೆ ಆ ಪ್ರಶ್ನೆಯಿಂದ ಹಗುರವಾಗುತ್ತದೆ, ಏಕೆಂದರೆ ಅದುವರೆಗೆ ಅದನ್ನು ಕೇಳುವ ಧೈರ್ಯ ಯಾರೂ ಮಾಡಿರುವುದಿಲ್ಲ. ಬುದ್ಧಿ ಹೇಳಬೇಡ, ಆಣೆ ಹಾಕಿಸಬೇಡ, ಗಂಡಸಾಗಿ ಅಳಬಾರದು ಎನ್ನಬೇಡ.

ಇದು ಸಾಲದ ಸಮಸ್ಯೆಯೋ, ಕಾಯಿಲೆಯೋ ಎಂದು ಮನೆಯವರು ಕೇಳುತ್ತಿದ್ದಾರೆ. ಎರಡೂ ಹೌದು. ಬೆಳೆ ಹೋದದ್ದರಿಂದ ಆರಂಭವಾಗಿದೆ, ಆದರೆ ನಸುಕಿನ ಎಚ್ಚರ ಮತ್ತು ಜನರಿಂದ ದೂರವಾಗಿರುವುದು ಈಗ ಖಿನ್ನತೆಯತ್ತ ಬೆರಳು ಮಾಡುತ್ತಿವೆ. ಖಿನ್ನತೆಯಲ್ಲಿರುವವರಿಗೆ ತೀರಿಸಬಹುದಾದ ಸಾಲವೂ ತೀರಲಾರದ್ದಾಗಿ ಕಾಣುತ್ತದೆ. ಚಿಕಿತ್ಸೆಯಿಂದ ಸಾಲ ಮನ್ನಾ ಆಗುವುದಿಲ್ಲ, ಆದರೆ ಸಾಲ ಕೊಟ್ಟವರ ಎದುರು ಕುಳಿತು ಮಾತನಾಡುವ ಶಕ್ತಿ ಮರಳಿ ಬರುತ್ತದೆ. ಅಲ್ಲಿಯವರೆಗೆ ಬ್ಯಾಂಕಿಗೂ ಅಡತಿ ಅಂಗಡಿಗೂ ನೀನು ಮತ್ತು ಕಾಕಾ ಹೋಗಿ ಅವಧಿ ಕೇಳಿ. ಸಣ್ಣ ಸಾಲದವರು ಮನೆಗೆ ಬಂದು ಬೆದರಿಸುತ್ತಿದ್ದರೆ ಅಂಥ ಬಲವಂತದ ವಸೂಲಿಯ ವಿರುದ್ಧ ರಾಜ್ಯದಲ್ಲಿ 2025ರಲ್ಲಿ ಕಾನೂನು ಬಂದಿದೆ, ಮತ್ತು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅರ್ಹರಿಗೆ ಉಚಿತ ನೆರವು ದೊರೆಯುತ್ತದೆ.

ನಾಳೆಯೇ ಜಿಲ್ಲಾ ಕೇಂದ್ರದ ಸರ್ಕಾರಿ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಕರೆದುಕೊಂಡು ಬಾ. ರಾತ್ರಿ ಅವರನ್ನು ಒಬ್ಬರನ್ನೇ ಬಿಡಬೇಡ. ಯಾವ ಹೊತ್ತಿಗಾದರೂ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. 2022ರಿಂದ ಇರುವ ಈ ಸೇವೆ ಉಚಿತ, ಕನ್ನಡದಲ್ಲಿಯೂ ಮಾತನಾಡುತ್ತಾರೆ. ಪೊಲೀಸರ ಭಯವೂ ಬೇಡ: 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಸೆಕ್ಷನ್, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಿ ಅವರಿಗೆ ಆರೈಕೆ ಕೊಡಬೇಕೆಂದು ಹೇಳುತ್ತದೆ.

ಸದಸ್ಯರು, ಜೇವರ್ಗಿ: ಎಲ್ಲರೂ ತಪ್ಪದೆ ಓದಿ, ಹತ್ತು ಜನರಿಗೆ ಕಳುಹಿಸಿ. ಮನೋವೈದ್ಯರ ಮಾತ್ರೆಗಳನ್ನು ಇಂದೇ ನಿಲ್ಲಿಸಿ. ಲಿಥಿಯಂ ಎಂದರೆ ಬ್ಯಾಟರಿಯ ವಿಷ. ಒಂದೆಲಗದ ರಸ ಕುಡಿದು, ಮೂಗಿಗೆ ತುಪ್ಪ ಬಿಟ್ಟು, ಉಪ್ಪು ತ್ಯಜಿಸಿದರೆ 21 ದಿನಗಳಲ್ಲಿ ಎಲ್ಲ ಮಾನಸಿಕ ರೋಗಗಳೂ ಮಾಯ.

ಮನೋವೈದ್ಯೆ: ಈ ಸಂದೇಶವನ್ನು ದಯವಿಟ್ಟು ಅಳಿಸಿ. ಒಬ್ಬ ಹುಡುಗ ತಂದೆಯ ಜೀವದ ಬಗ್ಗೆ ಕೇಳಿದ ಕೆಳಗೇ ಇದನ್ನು ಹಾಕಿದ್ದೀರಿ. ಲಿಥಿಯಂ ಎಂಬುದು ಮನಸ್ಸು ಅತಿಯಾಗಿ ಏರಿಳಿಯುವ ಕಾಯಿಲೆಗೆ ಕೊಡುವ ಔಷಧ. ಅದನ್ನು ಸೇವಿಸುವವರು ಥಟ್ಟನೆ ಉಪ್ಪು ಬಿಟ್ಟರೆ ರಕ್ತದಲ್ಲಿ ಲಿಥಿಯಂ ಏರಿ ವಿಷವಾಗುತ್ತದೆ. ಥಟ್ಟನೆ ಲಿಥಿಯಂ ಬಿಟ್ಟರೆ ಕಾಯಿಲೆ ಉಲ್ಬಣವಾಗಿ ಮರಳುತ್ತದೆ. ನಿಮ್ಮ ಒಂದೇ ಸಂದೇಶ ಈ ಎರಡನ್ನೂ ಮಾಡಲು ಹೇಳುತ್ತಿದೆ. ಲಿಥಿಯಂ ಸೇವಿಸುವ ಸದಸ್ಯರು ಗಮನಿಸಿ: ನಮ್ಮ ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಬೆವರಿ ನೀರು ಕಡಿಮೆಯಾದರೆ, ವಾಂತಿ ಭೇದಿಯಾದರೆ, ಅಥವಾ ಡೈಕ್ಲೋಫೆನಾಕ್‌ನಂತಹ ನೋವಿನ ಮಾತ್ರೆ ನುಂಗಿದರೆ ಅದರ ಮಟ್ಟ ಏರುತ್ತದೆ. ಕೈ ಜೋರಾಗಿ ನಡುಗುವುದು, ನಡಿಗೆ ಓಲಾಡುವುದು, ಮಾತು ತೊದಲುವುದು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಸದಸ್ಯರು, ಜೇವರ್ಗಿ: ಎಲ್ಲರಿಗೂ ಒಳ್ಳೆಯದಾಗಲಿ ಎಂದು ಹಾಕಿದೆ. ಔಷಧ ಕಂಪನಿಗಳ ಪರವಾಗಿ ಮಾತನಾಡುವವರಿಗೆ ಇದು ಹಿಡಿಸುವುದಿಲ್ಲ.

ಶಿಕ್ಷಕರು, ಶಹಾಪುರ: ಪುಕ್ಕಟೆಯಾಗಿ ಸಮಯ ಕೊಡುತ್ತಿರುವವರಿಗೆ ಹೀಗೆ ಹೇಳಲು ನಿಮಗೆ ಮನಸ್ಸಾದರೂ ಹೇಗೆ ಬಂತು?

ಕೋಚಿಂಗ್ ವಿದ್ಯಾರ್ಥಿನಿ, ಬೀದರ್: ಮೇಡಂ, ನಾನು ನೀಟ್ ಪರೀಕ್ಷೆಗೆ ಎರಡನೆಯ ವರ್ಷ ಓದುತ್ತಿದ್ದೇನೆ. ಮಾಕ್ ಟೆಸ್ಟ್‌ನ ಹಿಂದಿನ ರಾತ್ರಿ ಎದೆ ಹೊಡೆದುಕೊಂಡು ಕೈ ತಣ್ಣಗಾಗುತ್ತದೆ. ಮನೆಯಲ್ಲಿ ಹೇಳಿದರೆ ಫೀಸಿನ ಮಾತು ಬರುತ್ತದೆ.

ಆಶಾ ಕಾರ್ಯಕರ್ತೆ, ಚಿಂಚೋಳಿ: ಮೇಡಂ, ತವರಿಗೆ ಬಂದಿರುವ ಬಾಣಂತಿ, ಹೆರಿಗೆಯಾಗಿ 16 ದಿನ. ನಾಲ್ಕು ರಾತ್ರಿಗಳಿಂದ ನಿದ್ದೆಯಿಲ್ಲ, ಕೂಸನ್ನು ಬದಲಾಯಿಸಿದ್ದಾರೆ ಎನ್ನುತ್ತಾಳೆ, ಯಾರೋ ಮಾತನಾಡಿದ್ದು ಕೇಳುತ್ತದೆ ಎನ್ನುತ್ತಾಳೆ. ಗಾಳಿ ಸೋಕಿದೆ, ಅಮಾವಾಸ್ಯೆಗೆ ಗಾಣಗಾಪುರಕ್ಕೆ ಕರೆದೊಯ್ಯುತ್ತೇವೆ ಎಂದು ಮನೆಯವರು ಹೇಳುತ್ತಾರೆ.

ಮನೋವೈದ್ಯೆ: ಅಕ್ಕಾ, ಅಮಾವಾಸ್ಯೆಯವರೆಗೆ ಕಾಯುವಂತಿಲ್ಲ, 108ಕ್ಕೆ ಈಗಲೇ ಕರೆ ಮಾಡಿ. ಹೆರಿಗೆಯ ನಂತರದ ಮೊದಲ ದಿನಗಳಲ್ಲಿ ಸುಮ್ಮನೆ ಅಳು ಬರುವುದು ಸಾಮಾನ್ಯ, ಎರಡು ವಾರದೊಳಗೆ ಹೋಗುತ್ತದೆ. ಇದು ಅದಲ್ಲ. ಇದು ತಾಯಿ ಮತ್ತು ಕೂಸು ಇಬ್ಬರ ಜೀವಕ್ಕೂ ಅಪಾಯವಿರುವ ತುರ್ತು ಕಾಯಿಲೆ, ಮತ್ತು ಚಿಕಿತ್ಸೆಗೆ ಚೆನ್ನಾಗಿ ಗುಣವಾಗುವ ಕಾಯಿಲೆ. ಗಾಡಿ ಬರುವವರೆಗೆ ಇಬ್ಬರ ಪಕ್ಕದಲ್ಲೂ ಯಾರಾದರೂ ಇರಲಿ.

ಸದಸ್ಯರು, ಆಳಂದ: ಗಾಣಗಾಪುರಕ್ಕೂ ಬಂದೇನವಾಜ ದರ್ಗಾಕ್ಕೂ ಹೋಗಿ ಗುಣವಾದವರು ಸಾವಿರಾರು ಜನರಿದ್ದಾರೆ. ಶ್ರದ್ಧೆಗೆ ಅವಮಾನ ಮಾಡಬಾರದು.

ಮನೋವೈದ್ಯೆ: ದರ್ಶನಕ್ಕೆ ಹೋಗಬೇಡಿ ಎಂದು ನಾನು ಎಲ್ಲಿಯೂ ಬರೆದಿಲ್ಲ. ಪ್ರಾರ್ಥನೆಯಿಂದ ಮನೆಯವರಿಗೆ ಧೈರ್ಯ ಬರುತ್ತದೆ, ಅದು ಬೇಕು. ಚಿಕಿತ್ಸೆ ತಡವಾಗುವುದು ಬೇಡ, ಮತ್ತು ಕಟ್ಟಿ ಹಾಕುವುದು ಬೇಡವೇ ಬೇಡ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಬೆಂಕಿ ಹೊತ್ತಿದಾಗ ಸರಪಳಿಯಲ್ಲಿದ್ದ 25ಕ್ಕೂ ಹೆಚ್ಚು ಮನೋರೋಗಿಗಳು ಓಡಲಾಗದೆ ಸತ್ತರು. ಇಂದು ಸರಪಳಿ ಹಾಕುವುದನ್ನು ಕಾನೂನು ನಿಷೇಧಿಸಿದೆ.

ಸದಸ್ಯರು, ಆಳಂದ: ಯಾರೂ ಸರಪಳಿಯ ಮಾತೇ ಎತ್ತಿರಲಿಲ್ಲ.

ಗೃಹಿಣಿ, ಭಾಲ್ಕಿ: ಅಣ್ಣಾ, ಅಲ್ಲೊಬ್ಬ ಹೆಣ್ಣುಮಗಳು ನಾಲ್ಕು ರಾತ್ರಿಗಳಿಂದ ಮಲಗಿಲ್ಲ. ನಿಮ್ಮ ವಾದವನ್ನು ಆಮೇಲೆ ಮುಂದುವರಿಸಿ.

ಸದಸ್ಯರು, ಗುರುಮಠಕಲ್: ತಮ್ಮನಿಗೆ ಅಂಗವೈಕಲ್ಯ ಪ್ರಮಾಣಪತ್ರ ಮಾಡಿಸಬೇಕಿತ್ತು. ಮಾನಸಿಕ ಕಾಯಿಲೆಗೂ ಕೊಡುತ್ತಾರೆಯೇ?

ನಿವೃತ್ತ ನೌಕರರು, ಕಲಬುರಗಿ: ಮೊಬೈಲಿನ ಬಗ್ಗೆ ನಾನು ಕೇಳಿದ್ದಕ್ಕೆ ಇನ್ನೂ ಉತ್ತರ ಬಂದಿಲ್ಲ.

ಸದಸ್ಯರು, ಸೇಡಂ: ಈ ಮಾತ್ರೆಗಳು ಚಟವಾಗುವುದಿಲ್ಲವೇ?

ಮನೋವೈದ್ಯೆ: ಮೊದಲ ಉತ್ತರವನ್ನು ಓದಿ. ಇದೇ ಪ್ರಶ್ನೆಗೆ ಮತ್ತೆ ಉತ್ತರಿಸುವುದಿಲ್ಲ.

ಆಶಾ ಕಾರ್ಯಕರ್ತೆ, ಚಿಂಚೋಳಿ: ಗಾಡಿ ಬಂತು ಮೇಡಂ. ಅವರ ಅವ್ವ ಮತ್ತು ನಾನು ಜೊತೆಗೆ ಹೊರಟಿದ್ದೇವೆ.

ಪದವಿ ವಿದ್ಯಾರ್ಥಿ, ಅಫಜಲಪುರ: ಮೇಡಂ, ನಿನ್ನೆ ರಾತ್ರಿ ಅಪ್ಪನನ್ನು ಕೇಳಿದೆ. ಬಹಳ ಹೊತ್ತು ಅತ್ತರು, ಯೋಚನೆ ಬಂದದ್ದು ನಿಜ ಎಂದರು. ಎಣ್ಣೆಯ ಡಬ್ಬಿಗಳನ್ನು ಸಾಗಿಸಿದ್ದೇವೆ. ಇಂದು ಬೆಳಿಗ್ಗೆ ಆಸ್ಪತ್ರೆಗೆ ತಂದೆವು, ಒಳರೋಗಿಯಾಗಿ ಸೇರಿಸಿಕೊಂಡಿದ್ದಾರೆ.

ಗುಂಪಿನ ನಿರ್ವಾಹಕರು: ಜೇವರ್ಗಿಯ ಸದಸ್ಯರ ಸಂದೇಶವನ್ನು ಅಳಿಸಲಾಗಿದೆ. ವಾದ ಮಿತಿ ಮೀರುತ್ತಿರುವುದರಿಂದ ವೈದ್ಯರ ಮುಂದಿನ ಉತ್ತರದ ನಂತರ ಪ್ರಶ್ನೆಗಳನ್ನು ನಿಲ್ಲಿಸುತ್ತೇವೆ.

ಮನೋವೈದ್ಯೆ: ಒಳ್ಳೆಯ ಕೆಲಸ ಮಾಡಿದೆ ತಮ್ಮಾ. ಆಸ್ಪತ್ರೆಯಿಂದ ಮನೆಗೆ ಮರಳಿದ ಮೊದಲ ಕೆಲವು ವಾರಗಳಲ್ಲಿ ಅಪಾಯ ಮತ್ತೆ ಹೆಚ್ಚಿರುತ್ತದೆ, ನಗುತ್ತಿದ್ದಾರೆ ಎಂದು ಕಾವಲು ಸಡಿಲಿಸಬೇಡ. ಮಾತ್ರೆಗಳು ನಿನ್ನ ಅಥವಾ ಅವ್ವನ ಕೈಯಲ್ಲಿರಲಿ, ಆಯಾ ಹೊತ್ತಿನದನ್ನು ಮಾತ್ರ ಕೊಡಿ. ಮುಂದಿನ ಹಂಗಾಮಿಗೆ ಎಣ್ಣೆ ಬೇಕಾದಾಗ ಹೊಡೆಯುವ ದಿನ ಬೇಕಾದಷ್ಟನ್ನೇ ತರಿಸಿ, ಉಳಿದದ್ದನ್ನು ಮನೆಗೆ ತರಬೇಡಿ. ಮರುಭೇಟಿಯ ದಿನಾಂಕವನ್ನು ಬಿಡುಗಡೆಯ ಚೀಟಿಯ ಮೇಲೆ ಬರೆಸಿಕೊಂಡೇ ಹೊರಡು. ಆಮೇಲೆ ದೂರವಾಗುತ್ತದೆ ಎನಿಸಿದರೆ ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರ ನಡೆಯುವ ಮನೋಚೈತನ್ಯ ಚಿಕಿತ್ಸಾಲಯದಲ್ಲಿ ಮುಂದುವರಿಸಬಹುದೇ ಎಂದು ಅಲ್ಲಿನ ವೈದ್ಯರನ್ನೇ ಕೇಳು. ಬೀದರಿನ ವಿದ್ಯಾರ್ಥಿನಿ, ನಿನ್ನ ಪ್ರಶ್ನೆ ವಾದದ ನಡುವೆ ಉಳಿದುಹೋಯಿತು. ಎರಡು ಸಾಲಿನಲ್ಲಿ ಮುಗಿಯುವ ವಿಷಯ ಅದಲ್ಲ, ಇಂದೇ 14416ಕ್ಕೆ ಕರೆ ಮಾಡಿ ಅವರೊಂದಿಗೆ ಬಿಡಿಸಿ ಮಾತನಾಡು.